ವಿಡಿಯೋದಲ್ಲಿ ನಲ್ಲಿ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ: ಹೌ-ಟು ವಿಡಿಯೋಗಳಿಂದ ಪಾಠ ಕಟ್ಟುವವರು ಕಲಿತದ್ದೇನು, ಬಿಟ್ಟದ್ದೇನು?

2025ರ ಜುಲೈನಲ್ಲಿ ಒಂದು ಸುದ್ದಿ ಎಲ್ಲ ಕಡೆ ಓಡಾಡಿತು. ಯೂಟ್ಯೂಬ್ ಇನ್ನು ಮುಂದೆ ಎಐ ವಿಡಿಯೋಗಳಿಗೆ ದುಡ್ಡು ಕೊಡುವುದಿಲ್ಲವಂತೆ, 15ನೇ ತಾರೀಖಿನಿಂದ ಹೊಸ ನಿಯಮವಂತೆ, ಬೇರೆಯವರ ಕ್ಲಿಪ್ ಹಾಕಿ ಮಾತಾಡುವ ಚಾನೆಲ್‌ಗಳ ಕಥೆಯೂ ಮುಗಿಯಿತಂತೆ. ಆಮೇಲೆ ಕಂಪನಿಯವರೇ ಹಾಗೇನಿಲ್ಲ ಎಂದರು. ಆಗಿದ್ದು ಇಷ್ಟೇ. ಒಂದೇ ಅಚ್ಚಿನಲ್ಲಿ ರಾಶಿಗಟ್ಟಲೆ ತಯಾರಾಗುವ ವಿಡಿಯೋಗಳಿಗೆ ಜಾಹೀರಾತಿನ ಪಾಲು ಮೊದಲೂ ಇರಲಿಲ್ಲ. ಆ ನಿಯಮಕ್ಕೆ ಮೊದಲು 'ಪುನರಾವರ್ತಿತ ವಿಷಯ' ಎಂಬರ್ಥದ ಹೆಸರಿತ್ತು. ಆ ಜುಲೈನಲ್ಲಿ ಅದನ್ನು 'ಅಸಲಿಯಲ್ಲದ ವಿಷಯ' ಎಂದು ಬದಲಿಸಿದರು, ವಿವರಣೆಯನ್ನು ಸ್ವಲ್ಪ ಬಿಡಿಸಿ ಬರೆದರು. ಎಐ ಬಳಸಿದ ಮಾತ್ರಕ್ಕೆ ತಪ್ಪೇನಿಲ್ಲ.

ಗೊಂದಲ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 'ಅಸಲಿ' ಅನ್ನುವ ಪದ ಇನ್ನೊಂದು ಪ್ರಶ್ನೆಯನ್ನು ಎಬ್ಬಿಸಿತು. ಸೋರುವ ನಲ್ಲಿ ರಿಪೇರಿ ಮಾಡುವುದನ್ನು ತೋರಿಸುವ ಒಂದು ವಿಡಿಯೋ ಇದೆ ಅಂದುಕೊಳ್ಳಿ. ಅದು ಅಸಲಿ ಎನಿಸಿಕೊಳ್ಳಲು ಏನು ಬೇಕು? ಮಾತಾಡುವ ದನಿ ಮನುಷ್ಯರದ್ದಾಗಿದ್ದರೆ ಸಾಕಾ? ಅಥವಾ ಯಾರಾದರೂ ನಿಜವಾಗಿ ಒಂದು ನಲ್ಲಿಯನ್ನು ಬಿಚ್ಚಿರಬೇಕಾ?

ಪಾಠ ಕಟ್ಟುವುದನ್ನೇ ಕಸುಬು ಮಾಡಿಕೊಂಡವರಿಗೆ, ಅಂದರೆ ಇನ್‌ಸ್ಟ್ರಕ್ಷನಲ್ ಡಿಸೈನರ್‌ಗಳಿಗೆ, ಇದು ಸಣ್ಣ ಪ್ರಶ್ನೆಯಲ್ಲ. ಕಳೆದ 20 ವರ್ಷಗಳಲ್ಲಿ ಹೌ-ಟು ವಿಡಿಯೋಗಳು, ಅಂದರೆ ಒಂದು ಕೆಲಸ ಮಾಡುವುದು ಹೇಗೆಂದು ತೋರಿಸುವ ವಿಡಿಯೋಗಳು, ಅವರ ಕೆಲಸವನ್ನೇ ಅಲ್ಲಾಡಿಸಿವೆ. ಆ ವಿಡಿಯೋಗಳು ಗೆದ್ದದ್ದು ಯಾಕೆ ಅನ್ನುವುದನ್ನು ಮಾತ್ರ ಕಸುಬಿನವರು ತಪ್ಪಾಗಿ ಓದಿಕೊಂಡರು ಎಂದೇ ಹೇಳಬೇಕು.

ಸ್ಟುಡಿಯೋದವರು ಸೋತ ಕಥೆ

ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ. ಮುಂದಿನ ವರ್ಷವೇ ಗೂಗಲ್ ಅದನ್ನು 165 ಕೋಟಿ ಡಾಲರ್‌ಗೆ ಕೊಂಡಿತು. ಅದೇ ಹೊತ್ತಿಗೆ 'ಮಾಡೋದು ಹೇಗೆ' ಅಂತ ತೋರಿಸುವುದಕ್ಕೆಂದೇ ಸೈಟುಗಳು ಸಾಲಾಗಿ ಬಂದವು. ವಿಡಿಯೋಜಗ್ 2006ರಲ್ಲಿ, ಹೌಕಾಸ್ಟ್ 2008ರಲ್ಲಿ ಶುರುವಾದವು. ಬರಹದಲ್ಲಿ ಹೇಳಿಕೊಡುತ್ತಿದ್ದ ಈಹೌ ಕೂಡ ವಿಡಿಯೋಗೆ ಕೈಹಾಕಿತು. ಇವರ ಲೆಕ್ಕ ಸರಿಯಾಗಿಯೇ ಇತ್ತು. ಜನರಿಗೆ ಹೇಳಿಕೊಡುವವರು ಬೇಕು, ಹಾಗಾಗಿ ಒಳ್ಳೆ ಬೆಳಕು, ಬರೆದಿಟ್ಟ ಸ್ಕ್ರಿಪ್ಟ್, ಸ್ಪಷ್ಟ ದನಿ ಇರುವ ಅಚ್ಚುಕಟ್ಟಾದ ವಿಡಿಯೋ ಕೊಟ್ಟರೆ ನಂಬಿ ಬರುತ್ತಾರೆ ಎಂದುಕೊಂಡರು.

ಜನ ಅಲ್ಲಿ ನಿಲ್ಲಲಿಲ್ಲ. ಗ್ಯಾರೇಜಿನಲ್ಲಿ ಕೂತು, ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು, ಅಲ್ಲಾಡುತ್ತಾ ತೆಗೆದ ವಿಡಿಯೋ ಗೆದ್ದಿತು. ಕಾರಣ ಸರಳ. ಸ್ಟುಡಿಯೋದವರು 'ವಾಷಿಂಗ್ ಮಷೀನ್ ರಿಪೇರಿ' ತೋರಿಸಬಲ್ಲರು. ಆದರೆ ನೋಡುವವರಿಗೆ ಬೇಕಿದ್ದದ್ದು ತಮ್ಮ ಮನೆಯ ಅದೇ ಮಾಡೆಲ್, ಅದೇ ಎರರ್ ನಂಬರ್. ಅಂಥ ಸಾವಿರಾರು ಮಾಡೆಲ್‌ಗಳಿಗೆ ಸ್ಕ್ರಿಪ್ಟ್ ಬರೆಸಲು ಯಾವ ಕಂಪನಿಗೂ ಗಿಟ್ಟುವುದಿಲ್ಲ. ಅದೇ ಮಷೀನು ಕೆಟ್ಟು, ತಾವೇ ಸರಿಮಾಡಿಕೊಂಡ ಒಬ್ಬರು ಎಲ್ಲೋ ಇರುತ್ತಾರಲ್ಲ, ಅವರು ಸುಮ್ನೆ ಹಾಕಿದ ನಾಲ್ಕು ನಿಮಿಷ ಸಾಕಾಯಿತು. ಈಹೌ ಸೈಟಿನ ಒಡೆತನ ಹೊಂದಿದ್ದ ಡಿಮ್ಯಾಂಡ್ ಮೀಡಿಯಾ ಕಂಪನಿ ಇನ್ನೊಂದು ದಾರಿ ಹಿಡಿದಿತ್ತು. ಜನ ಏನು ಹುಡುಕುತ್ತಾರೆ ಅಂತ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಅಗ್ಗದಲ್ಲಿ ಬರೆಸುವುದು, ತೆಗೆಸುವುದು. 2011ರಲ್ಲಿ ಗೂಗಲ್ ತನ್ನ ಹುಡುಕಾಟದ ಕ್ರಮವನ್ನು 'ಪಾಂಡಾ' ಎಂಬ ಹೆಸರಿನಲ್ಲಿ ಬದಲಿಸಿದಾಗ ಆ ದಾರಿಗೂ ಪೆಟ್ಟು ಬಿತ್ತು. ರಾಶಿಗಟ್ಟಲೆ ತಯಾರಿಸುವವರ ಮೇಲಿನ ಸಿಟ್ಟು 2025ರ ಜುಲೈನದ್ದಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ.

ಕಲಿಯುವವರು ಯಾವಾಗ ಬರುತ್ತಾರೆ?

ಅದಕ್ಕೂ ಮುಂಚೆ ಪಾಠ ಕಟ್ಟುತ್ತಿದ್ದದ್ದು ಹೇಗೆ? ಈ ಕಸುಬಿನಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು 'ಅಡಿ' (ADDIE, ಐದು ಇಂಗ್ಲಿಷ್ ಪದಗಳ ಮೊದಲಕ್ಷರ). ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ ಎಂಬ ಐದು ಹಂತ. 1975ರ ಸುಮಾರಿಗೆ ಅಮೆರಿಕದ ಸೇನೆಗಾಗಿ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ರೂಪುಗೊಂಡ ಕ್ರಮ ಇದು. ಅದಕ್ಕೂ ಹಿಂದೆ ರಾಬರ್ಟ್ ಗಾನ್ಯೇ ಪಾಠವೊಂದರ ಒಂಬತ್ತು ಘಟ್ಟಗಳನ್ನು ಹೇಳಿದ್ದರು: ಗಮನ ಸೆಳೆಯುವುದು, ಗುರಿ ತಿಳಿಸುವುದು, ಹಳೆಯದನ್ನು ನೆನಪಿಸುವುದು, ಹೀಗೆ. ಸೈನಿಕರಿಗೋ ಕಾರ್ಖಾನೆಯ ಹೊಸಬರಿಗೋ ಕಲಿಸಲು ಇದು ಚೆನ್ನಾಗಿ ಹೊಂದುತ್ತಿತ್ತು. ಇದರ ಒಳಗೆ ಯಾರೂ ಬಿಡಿಸಿ ಹೇಳದ ಒಂದು ನಂಬಿಕೆ ಇತ್ತು. ಕಲಿಯುವವರು ಮೊದಲು ಬರುತ್ತಾರೆ, ಕೂರುತ್ತಾರೆ, ಕಲಿಯುತ್ತಾರೆ, ಆಮೇಲೆ ಕೆಲಸಕ್ಕೆ ಇಳಿಯುತ್ತಾರೆ ಅಂತ.

ಹಾಗಾಗುವುದಿಲ್ಲ ಅಂತ 1980ರ ದಶಕದಲ್ಲೇ ಒಬ್ಬರು ಕಂಡುಕೊಂಡಿದ್ದರು. ಐಬಿಎಂನಲ್ಲಿದ್ದ ಜಾನ್ ಕ್ಯಾರೊಲ್. ಕಂಪ್ಯೂಟರ್ ಕಲಿಯಲು ಬಂದವರನ್ನು ಅವರು ಮತ್ತು ಸಂಗಡಿಗರು ಗಮನಿಸಿದರು. ಜನ ದಪ್ಪ ಕೈಪಿಡಿ ಓದುತ್ತಿರಲಿಲ್ಲ. ನೇರ ಕೆಲಸಕ್ಕೆ ಇಳಿಯುತ್ತಿದ್ದರು, ಸಿಕ್ಕಿಹಾಕಿಕೊಂಡಾಗ ಮಾತ್ರ ಪುಟ ತಿರುವುತ್ತಿದ್ದರು. ಕ್ಯಾರೊಲ್ ತಂಡ ಪೀಠಿಕೆಯನ್ನೆಲ್ಲ ಕತ್ತರಿಸಿ ಒಂದು ತೆಳ್ಳನೆಯ ಕೈಪಿಡಿ ಮಾಡಿತು. ಕೆಲಸ ಮೊದಲು, ವಿವರಣೆ ಕಡಿಮೆ, ತಪ್ಪಾದರೆ ಹಿಂದೆ ಬರುವುದು ಹೇಗೆ ಅನ್ನುವುದಕ್ಕೆ ಜಾಸ್ತಿ ಜಾಗ. ಜನ ಬೇಗ ಕಲಿತರು.

ಹೌ-ಟು ವಿಡಿಯೋ ಬಂದದ್ದು ಸರಿಯಾಗಿ ಇದೇ ಜಾಗಕ್ಕೆ. ಅದನ್ನು ಹುಡುಕುವವರು ಕಲಿಯಲು ಬಂದವರಲ್ಲ, ಸಿಕ್ಕಿಹಾಕಿಕೊಂಡವರು. ಕೈಯಲ್ಲಿ ಸ್ಪ್ಯಾನರ್ ಇದೆ, ನೆಲದ ಮೇಲೆ ನೀರಿದೆ. ಗಮನ ಸೆಳೆಯುವುದು, ಗುರಿ ತಿಳಿಸುವುದು ಇವೆಲ್ಲ ಆಗಲೇ ಮುಗಿದಿದೆ. ಆ ಕೆಲಸವನ್ನು ನೀರೇ ಮಾಡಿಬಿಟ್ಟಿದೆ. ಅಮೆರಿಕದಲ್ಲಿ ಪ್ಯೂ ಸಂಶೋಧನಾ ಕೇಂದ್ರ 2018ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಯೂಟ್ಯೂಬ್ ಬಳಸುವ ವಯಸ್ಕರಲ್ಲಿ ಶೇ 51ರಷ್ಟು ಜನ, ಹಿಂದೆಂದೂ ಮಾಡದ ಕೆಲಸ ಮಾಡುವುದು ಹೇಗೆ ಎಂದು ತಿಳಿಯಲು ಅದು ತುಂಬಾ ಮುಖ್ಯ ಎಂದರು.

ನಲ್ಲಿಯ ಹತ್ತಿರ ಹೋಗಿ ನೋಡೋಣ

ಸೋರುವ ನಲ್ಲಿಗೆ ವಾಷರ್ ಬದಲಿಸುವ ವಿಡಿಯೋ ತೆಗೆದುಕೊಳ್ಳಿ. ನೀರಿನ ಮೇನ್ ವಾಲ್ವ್ ಮುಚ್ಚುತ್ತಾರೆ. ನಲ್ಲಿ ತಿರುಗಿಸಿ ಪೈಪಿನಲ್ಲಿ ಉಳಿದ ನೀರು ಬಿಡುತ್ತಾರೆ. ಹಿಡಿಯ ಮೇಲಿನ ಮುಚ್ಚಳ ಎಬ್ಬಿಸಿ ಸ್ಕ್ರೂ ಬಿಚ್ಚುತ್ತಾರೆ. ಒಳಗಿನ ಭಾಗಕ್ಕೆ ಸ್ಪ್ಯಾನರ್ ಹಾಕಿ ತಿರುವುತ್ತಾರೆ. ಸವೆದ ವಾಷರ್ ಹೊರಗೆ, ಹೊಸದು ಒಳಗೆ. ಮೂರು ನಿಮಿಷ. ನೋಡಿದವರಿಗೆ 'ಇಷ್ಟೇನಾ' ಅನ್ನಿಸುತ್ತದೆ.

ಈಗ ನಿಮ್ಮ ಮುಂದಿನ ನಲ್ಲಿ. ಸ್ಕ್ರೂಗೆ ತುಕ್ಕು ಹಿಡಿದಿದೆ, ಡ್ರೈವರ್ ಜಾರುತ್ತಿದೆ. ಸ್ಪ್ಯಾನರ್ ಹಾಕಿ ಬಲವಾಗಿ ತಿರುವಿದರೆ ಇಡೀ ನಲ್ಲಿಯೇ ಗೋಡೆಯೊಳಗೆ ತಿರುಗುತ್ತಿದೆ. ಇನ್ನೂ ಬಲ ಹಾಕಬೇಕಾ, ನಿಲ್ಲಿಸಬೇಕಾ? ವಿಡಿಯೋದಲ್ಲಿ ಇದಕ್ಕೆ ಉತ್ತರ ಇಲ್ಲ. ಯಾಕೆಂದರೆ ವಿಡಿಯೋದ ನಲ್ಲಿ ಯಾವಾಗಲೂ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚದೆ ಹೋದ ಹತ್ತು ನಿಮಿಷವನ್ನು ಎಡಿಟಿಂಗ್‌ನಲ್ಲಿ ಕತ್ತರಿಸಿರುತ್ತಾರೆ. ಕಲಿಯುವವರಿಗೆ ಬೇಕಿದ್ದ ಪಾಠ ಆ ಕತ್ತರಿಸಿದ ತುಂಡಿನಲ್ಲೇ ಇತ್ತು.

ಎಷ್ಟೋ ಸಲ ಆ ಪಾಠ ಕೆಳಗಿನ ಕಮೆಂಟುಗಳಲ್ಲಿ ಸಿಗುತ್ತದೆ. 'ಒಂದು ಕೈಯಿಂದ ನಲ್ಲಿಯ ಬುಡ ಗಟ್ಟಿಯಾಗಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಪೈಪ್ ತಿರುಚಿಕೊಳ್ಳುತ್ತೆ' ಅಂತ ಯಾರೋ ಬರೆದಿರುತ್ತಾರೆ. ಅದು ಕೆಟ್ಟ ಅನುಭವದಿಂದ ಬಂದ ಸಾಲು. ಬೋಧನೆಯ ದೃಷ್ಟಿಯಿಂದ ಇಡೀ ವಿಡಿಯೋಗಿಂತ ಅದರ ಬೆಲೆ ಜಾಸ್ತಿ.

ಇನ್ನೊಂದು ತೊಂದರೆ, ವಿಡಿಯೋ ಹರಿದು ಹೋಗುತ್ತದೆ. ಪುಟದ ಮೇಲಿನ ಚಿತ್ರ ಅಲ್ಲೇ ಇರುತ್ತದೆ, ವಿಡಿಯೋದ ಹೆಜ್ಜೆ ಕಣ್ಣಮುಂದೆ ಬಂದು ಹೋಗಿಬಿಡುತ್ತದೆ. ಹಿಂದಿನ ಹೆಜ್ಜೆ ನೆನಪಿಟ್ಟುಕೊಂಡೇ ಮುಂದಿನದನ್ನು ನೋಡಬೇಕು. ಮನಸ್ಸಿನ ಹೊರೆಯ ಬಗ್ಗೆ ಜಾನ್ ಸ್ವೆಲ್ಲರ್ 1988ರಿಂದ ಬೆಳೆಸಿದ ಸಿದ್ಧಾಂತದ ಕಡೆಯವರು ಇದನ್ನು ಒತ್ತಿ ಹೇಳುತ್ತಾರೆ. ವಿಡಿಯೋವನ್ನು ಈ ಕಷ್ಟದಿಂದ ಪಾರುಮಾಡಿದ್ದು ನಿಲ್ಲಿಸುವ ಪಾಜ್ ಬಟನ್. ಸಲ್ಮಾನ್ ಖಾನ್, ಅಂದರೆ ಖಾನ್ ಅಕಾಡೆಮಿ ಕಟ್ಟಿದವರು, 2006ರಲ್ಲಿ ತಮ್ಮ ಕಸಿನ್‌ಗಳಿಗಾಗಿ ಗಣಿತದ ವಿಡಿಯೋ ಹಾಕಲು ಶುರುಮಾಡಿದರು. ನೀನು ಎದುರಿಗೆ ಇರುವುದಕ್ಕಿಂತ ಯೂಟ್ಯೂಬ್‌ನಲ್ಲೇ ವಾಸಿ ಎಂದು ಆ ಕಸಿನ್‌ಗಳು ಹೇಳಿದರಂತೆ. ಅರ್ಥವಾಗದಿದ್ದರೆ ನಿಲ್ಲಿಸಬಹುದು, ಮತ್ತೆ ಹಾಕಬಹುದು. ಎಷ್ಟು ಸಲ ಕೇಳಿದೆ ಅಂತ ಯಾರೂ ಲೆಕ್ಕ ಇಡುವುದಿಲ್ಲ, ಅಲ್ವಾ?

ಮೂರನೆಯದು ಕ್ಯಾಮೆರಾ ಎಲ್ಲಿದೆ ಅನ್ನುವುದು. ಗಂಟು ಹಾಕುವುದನ್ನು ಎದುರಿಗೆ ನಿಂತು ತೋರಿಸಿದರೆ ಅವರ ಬಲಗೈ ನಿಮಗೆ ಎಡಕ್ಕೆ ಕಾಣುತ್ತದೆ. ಪ್ರತಿ ಹೆಜ್ಜೆಯನ್ನೂ ತಲೆಯಲ್ಲಿ ತಿರುಗಿಸಿ ನೋಡಬೇಕು. ಅದನ್ನೇ ಹೆಗಲ ಮೇಲಿಂದ, ಮಾಡುವವರ ಕಣ್ಣಿನಿಂದ ತೋರಿಸಿದರೆ ಆ ಕಷ್ಟ ಇಲ್ಲ. ಲೋಗನ್ ಫಿಯೊರೆಲ್ಲಾ, ರಿಚರ್ಡ್ ಮೇಯರ್ ಮತ್ತು ಸಂಗಡಿಗರು 2017ರಲ್ಲಿ ಒಂದು ಜೋಡಣೆ ಕೆಲಸವನ್ನು ಎರಡೂ ಬಗೆಯಲ್ಲಿ ತೋರಿಸಿ ನೋಡಿದರು. ಮಾಡುವವರ ಕಣ್ಣಿನಿಂದ ನೋಡಿದವರೇ ಚೆನ್ನಾಗಿ ಮಾಡಿದರು. ಅಡುಗೆಯವರು, ಹೊಲಿಯುವವರು, ಗಡಿಯಾರ ಬಿಚ್ಚುವವರು ಯಾವ ಸಂಶೋಧನೆಯನ್ನೂ ಓದದೆ ಕ್ಯಾಮೆರಾವನ್ನು ತಲೆಯ ಮೇಲೆ ತೂಗುಹಾಕಿದ್ದು ಇದಕ್ಕೇ.

ಆರು ನಿಮಿಷದ ಮಂತ್ರ

ಈ ಯಶಸ್ಸು ಕಂಡು ಪಾಠ ಕಟ್ಟುವವರು ಏನು ಕಲಿತರು? ಬಹುತೇಕರು ಒಂದೇ ಮಾತು ಕಲಿತರು: ಚಿಕ್ಕದಾಗಿರಲಿ.

ಈ ಮಾತಿಗೆ ಬಲ ಕೊಟ್ಟದ್ದು 2014ರ ಒಂದು ಅಧ್ಯಯನ. ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದ ಕೋರ್ಸುಗಳ 862 ವಿಡಿಯೋಗಳನ್ನು ಜನ 69 ಲಕ್ಷ ಸಲ ನೋಡಿದ ದಾಖಲೆ ತೆಗೆದು ನೋಡಿದರು. ವಿಡಿಯೋ ಎಷ್ಟೇ ಉದ್ದ ಇರಲಿ, ನೋಡುವವರು ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಜಾಸ್ತಿ ಉಳಿಯುತ್ತಿರಲಿಲ್ಲ. ಅಲ್ಲಿಂದ ಆರು ನಿಮಿಷ ಎಂಬುದು ಮಂತ್ರವಾಯಿತು. ಒಂದು ಗಂಟೆಯ ಹಳೆ ಪಾಠವನ್ನು ಹತ್ತು ತುಂಡು ಮಾಡಿ 'ಮೈಕ್ರೋಲರ್ನಿಂಗ್' ಅಂತ ಹೆಸರಿಟ್ಟರು.

ಇಲ್ಲಿ ಎರಡು ಎಡವಟ್ಟಾಯಿತು. ಮೊದಲನೆಯದು, ಆ ಅಧ್ಯಯನ ಅಳೆದದ್ದು ಎಷ್ಟು ಹೊತ್ತು ನೋಡಿದರು ಎಂಬುದನ್ನು. ಎಷ್ಟು ಕಲಿತರು ಎಂಬುದನ್ನಲ್ಲ. ಎರಡನೆಯದು ಅದೇ ಅಧ್ಯಯನದೊಳಗೇ ಇದ್ದ ಮಾತು. ಉಪನ್ಯಾಸದ ವಿಡಿಯೋ ನೋಡುವ ಬಗೆ ಬೇರೆ, ಹಂತಹಂತವಾಗಿ ಮಾಡಿ ತೋರಿಸುವ ವಿಡಿಯೋ ನೋಡುವ ಬಗೆ ಬೇರೆ. ಮಾಡಿ ತೋರಿಸುವುದನ್ನು ಜನ ಮತ್ತೆ ಮತ್ತೆ ನೋಡುತ್ತಾರೆ, ಬೇಕಾದ ಕಡೆಗೆ ಹಾರುತ್ತಾರೆ. ಹಾಗಾಗಿ ಅದಕ್ಕೆ ಬೇಕಿದ್ದದ್ದು ಹುಡುಕಿಕೊಳ್ಳಲು ಗುರುತುಗಳು. ಯೂಟ್ಯೂಬ್ 2020ರಲ್ಲಿ 'ಚಾಪ್ಟರ್' ಸೌಲಭ್ಯ ತಂದಾಗ ಈ ಕೊರತೆ ಸ್ವಲ್ಪ ತುಂಬಿತು.

ತುಂಡು ಮಾಡಿದ ಪಾಠ ಹೌ-ಟು ವಿಡಿಯೋ ಆಗಿಬಿಡುವುದಿಲ್ಲ. ಹೌ-ಟು ವಿಡಿಯೋ ನಡೆಯುವುದು ನೋಡುವವರ ಕೈಯಲ್ಲಿ ಕೆಲಸ ಇರುವುದರಿಂದ. ಕಂಪನಿಯ ತರಬೇತಿಯಲ್ಲಿ ಹತ್ತು ಚಿಕ್ಕ ವಿಡಿಯೋ ನೋಡಿ ಕೊನೆಗೆ 'ಮುಗಿಯಿತು' ಒತ್ತುವವರ ಕೈಯಲ್ಲಿ ಮೌಸ್ ಬಿಟ್ಟು ಬೇರೇನೂ ಇಲ್ಲ.

ನೋಡಿದಷ್ಟೂ ಬರುತ್ತದೆ ಅನ್ನಿಸುತ್ತದೆ

ಇದರ ಅಪಾಯವನ್ನು ಮೈಕಲ್ ಕಾರ್ಡಾಸ್ ಮತ್ತು ಎಡ್ ಓಬ್ರಿಯನ್ 2018ರಲ್ಲಿ ಚೆನ್ನಾಗಿ ತೋರಿಸಿದರು. ಮೇಜಿನ ಮೇಲೆ ತಟ್ಟೆಗಳಿವೆ, ಅವು ಬೀಳದಂತೆ ಕೆಳಗಿನ ಬಟ್ಟೆಯನ್ನು ಸರಕ್ಕನೆ ಎಳೆಯುವ ಚಮತ್ಕಾರ. ಇದರ ವಿಡಿಯೋವನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ 20 ಸಲ ತೋರಿಸಿದರು. 20 ಸಲ ನೋಡಿದವರಿಗೆ ತಮ್ಮಿಂದ ಆಗುತ್ತದೆ ಎಂಬ ಧೈರ್ಯ ಜಾಸ್ತಿ. ಡಾರ್ಟ್ ಎಸೆಯುವುದರಲ್ಲೂ ಹೀಗೇ ಆಯಿತು. ಜಾಸ್ತಿ ಸಲ ನೋಡಿದವರು ಜಾಸ್ತಿ ಅಂಕ ಬರುತ್ತದೆ ಎಂದುಕೊಂಡರು. ಎಸೆದಾಗ ಒಂದೇ ಸಲ ನೋಡಿದವರಿಗಿಂತ ಚೆನ್ನಾಗೇನೂ ಎಸೆಯಲಿಲ್ಲ.

ಅದರಲ್ಲೇ ಇನ್ನೊಂದು ಪ್ರಯೋಗವಿದೆ. ಜಗ್ಲಿಂಗ್ ವಿಡಿಯೋ ನೋಡಿದವರ ಕೈಗೆ ಅದರ ಪಿನ್‌ಗಳನ್ನು ಸುಮ್ನೆ ಹಿಡಿದುಕೊಳ್ಳಲು ಕೊಟ್ಟರು. ಎಸೆಯುವುದೂ ಬೇಡ, ಹಿಡಿದರೆ ಸಾಕು. ತೂಕ ಗೊತ್ತಾದ ಕೂಡಲೇ ಹುಸಿ ಧೈರ್ಯ ಇಳಿಯಿತು. 'ನೋಡಿ ಕಲಿ, ಮಾಡಿ ತಿಳಿ' ಅನ್ನುತ್ತೇವಲ್ಲ, ಆ ಮಾತಿನ ಎರಡನೇ ಅರ್ಧವನ್ನು ವಿಡಿಯೋ ಕೊಡಲಾರದು. ಅದನ್ನು ಕೊಡುವುದೇ ಪಾಠ ಕಟ್ಟುವವರ ಕೆಲಸವಾಗಿತ್ತು. ಆದರೆ ಅವರೂ ವಿಡಿಯೋ ಮಾಡಲು ಕೂತರು.

ಮೀಟರ್ ಏನನ್ನು ಅಳೆಯುತ್ತದೆ?

ಹಾಗಾದರೆ ವೇದಿಕೆಗಳು ತಾವೇ ಒಳ್ಳೆಯ ಪಾಠವನ್ನು ಮೇಲೆ ತರುವುದಿಲ್ಲವೇ? ಅವು ಅಳೆಯುವುದು ಬೇರೆಯದನ್ನು. ಯೂಟ್ಯೂಬ್ 2012ರಲ್ಲಿ ಕ್ಲಿಕ್ಕುಗಳ ಬದಲು ನೋಡಿದ ಹೊತ್ತಿಗೆ ಬೆಲೆ ಕೊಡಲು ಶುರುಮಾಡಿತು. ಪರಿಣಾಮ, ಎರಡು ನಿಮಿಷದ ಉತ್ತರಕ್ಕೆ ಎಂಟು ನಿಮಿಷದ ಪೀಠಿಕೆ. ವಿಡಿಯೋದ ನಡುವೆ ಜಾಹೀರಾತು ಹಾಕಲು 10 ನಿಮಿಷ ಉದ್ದ ಇರಬೇಕು ಎಂಬ ಮಿತಿ ಇತ್ತು. 2020ರ ಜುಲೈನಲ್ಲಿ ಅದು 8ಕ್ಕೆ ಇಳಿಯಿತು. ಅತ್ತ ಶಾರ್ಟ್ಸ್ ಬಂದ ಮೇಲೆ ಇನ್ನೊಂದು ತುದಿ: ಹೆಜ್ಜೆಗಳನ್ನೇ ನುಂಗಿ ಬರೀ ಫಲಿತಾಂಶ ತೋರಿಸುವ ತುಣುಕುಗಳು. ಎರಡೂ ಕಡೆ ಉದ್ದವನ್ನು ತೀರ್ಮಾನಿಸಿದ್ದು ಕೆಲಸದ ಅಗತ್ಯವಲ್ಲ.

2021ರ ನವೆಂಬರ್‌ನಲ್ಲಿ ಇನ್ನೊಂದು ಬದಲಾವಣೆ ಬಂತು. ಡಿಸ್‌ಲೈಕ್ ಎಷ್ಟಿದೆ ಎಂಬ ಸಂಖ್ಯೆಯನ್ನು ನೋಡುಗರಿಂದ ಮರೆಮಾಡಿದರು. ಗುಂಪುಕಟ್ಟಿ ಡಿಸ್‌ಲೈಕ್ ಒತ್ತಿ ಸಣ್ಣ ಚಾನೆಲ್‌ಗಳನ್ನು ಕಾಡುವುದನ್ನು ತಪ್ಪಿಸಲು ಎಂದರು. ಆ ಕಾರಣ ಸುಳ್ಳಲ್ಲ. ಆದರೆ ಹಾಡಿನ ಕೆಳಗಿನ ಡಿಸ್‌ಲೈಕ್‌ಗೂ ರಿಪೇರಿ ವಿಡಿಯೋದ ಕೆಳಗಿನ ಡಿಸ್‌ಲೈಕ್‌ಗೂ ವ್ಯತ್ಯಾಸ ಇದೆ. ಮೊದಲನೆಯದು ರುಚಿಯ ಮಾತು. ಎರಡನೆಯದು 'ಹೀಗೆ ಮಾಡಿದೆ, ಆಗಲಿಲ್ಲ' ಎಂಬ ವರದಿ. ಪಾಠ ಕಟ್ಟುವವರು ದುಡ್ಡು ಕೊಟ್ಟು ಮಾಡಿಸುವ ಮೌಲ್ಯಮಾಪನ ಅಲ್ಲಿ ಪುಕ್ಕಟೆ ಸಿಗುತ್ತಿತ್ತು. ಅದು ಹೋಯಿತು.

ಕೆಲವು ಕೆಲಸಗಳಲ್ಲಿ ಈ ಗುರುತು ಇಲ್ಲದಿದ್ದರೆ ಜೀವಕ್ಕೇ ಕುತ್ತು. ಮೈಕ್ರೋವೇವ್‌ನಿಂದ ಕಿತ್ತ ಟ್ರಾನ್ಸ್‌ಫಾರ್ಮರ್ ಬಳಸಿ ಮರದ ಮೇಲೆ ಮಿಂಚಿನಂಥ ಗೆರೆ ಸುಡುವ ವಿಡಿಯೋಗಳು ನೋಡಲು ಬಲು ಚೆಂದ. ಅದನ್ನು ಮಾಡಹೋಗಿ 30ಕ್ಕೂ ಹೆಚ್ಚು ಜನ ಸತ್ತಿದ್ದಾರೆ ಎಂದು ಅಮೆರಿಕದ ಮರ ಕಡೆಯುವವರ (ವುಡ್‌ಟರ್ನರ್‌ಗಳ) ಸಂಘ ಎಚ್ಚರಿಸುತ್ತಾ ಬಂದಿದೆ. ತನ್ನ ಕಾರ್ಯಕ್ರಮಗಳಲ್ಲಿ ಅದನ್ನು ನಿಷೇಧಿಸಿದೆ. ಆನ್ ರಿಯರ್ಡನ್ ಎಂಬ ಯೂಟ್ಯೂಬರ್ 2022ರಲ್ಲಿ ಇದು ಅಪಾಯ ಅಂತ ವಿಡಿಯೋ ಮಾಡಿದಾಗ, ಅಪಾಯಕಾರಿ ವಿಷಯ ಎಂದು ಆ ಎಚ್ಚರಿಕೆಯ ವಿಡಿಯೋವನ್ನೇ ತೆಗೆದುಹಾಕಲಾಯಿತು. ಆಮೇಲೆ ಗದ್ದಲವಾಗಿ ಮತ್ತೆ ಹಾಕಿದರು. ಮಷೀನಿಗೆ ವಿಷಯ ಗೊತ್ತಾಗುತ್ತದೆ, ಹೇಳುವವರ ಉದ್ದೇಶ ಗೊತ್ತಾಗುವುದಿಲ್ಲ.

ಯಾರ ವಾದ ಏನು?

ಒಂದು ಕಡೆಯವರು, ಕಲಿಯುವವರೇ ತಮಗೆ ಬೇಕಾದಾಗ ಬೇಕಾದ್ದನ್ನು ಆರಿಸಿಕೊಳ್ಳುವುದೇ ದೊಡ್ಡ ಬದಲಾವಣೆ, ಕೋರ್ಸಿನ ಕಾಲ ಮುಗಿಯಿತು ಎನ್ನುತ್ತಾರೆ. ಕಸುಬಿನ ಹಳಬರು, ಕ್ರಮ ಇಲ್ಲ, ಅಭ್ಯಾಸ ಇಲ್ಲ, ತಪ್ಪು ತಿದ್ದುವವರಿಲ್ಲ, ಇದು ಪಾಠವೇ ಅಲ್ಲ ಎನ್ನುತ್ತಾರೆ. ಖರ್ಚು ನೋಡಿಕೊಳ್ಳುವವರದು ಮೂರನೇ ವಾದ: ಪುಕ್ಕಟೆ ಸಿಗುವಾಗ ಮಾಡಿಸುವುದು ಯಾಕೆ?

ಮೊದಲ ವಾದ ಬಿಡಿ ಕೆಲಸಗಳ ಮಟ್ಟಿಗೆ ನಿಜ. ನಲ್ಲಿಗೆ ವಾಷರ್ ಹಾಕಲು ಯಾರೂ ಕೋರ್ಸ್ ಮಾಡಬೇಕಿಲ್ಲ. ಆದರೆ ವೈರಿಂಗ್ ಕಲಿಯುವವರಿಗೆ ಏನನ್ನು ಹುಡುಕಬೇಕು ಎಂಬುದೇ ಮೊದಲು ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಸರ್ಚ್ ಮಾಡಲಾಗದು. ಕ್ರಮ ಬೇಕಾಗುವುದು ಅಲ್ಲಿ. ಮೂರನೇ ವಾದದವರು ಮರೆಯುವುದು, ಪುಕ್ಕಟೆ ವಿಡಿಯೋ ನಾಳೆ ಅಲ್ಲಿರುತ್ತದೆ ಎಂಬ ಖಾತ್ರಿ ಇಲ್ಲ. ಅದನ್ನು ನೋಡಿ ತಪ್ಪು ಮಾಡಿದರೆ ಹೊಣೆ ಯಾರದ್ದು ಅನ್ನುವುದಕ್ಕೂ ಉತ್ತರ ಇಲ್ಲ.

ಮುಂದೆ ಏನಾಗಬಹುದು?

ಹುಡುಕಾಟದ ದಾರಿ ಈಗಾಗಲೇ ಬದಲಾಗಿದೆ. ಹೌ-ಟು ಪುಟಗಳ ಹೆಜ್ಜೆಗಳನ್ನು ಎದ್ದು ಕಾಣುವಂತೆ ತೋರಿಸುವುದನ್ನು ಗೂಗಲ್ 2023ರಲ್ಲಿ ನಿಲ್ಲಿಸಿತು. 2024ರ ಮೇ ತಿಂಗಳಿಂದ ಎಐ ಬರೆದ ಉತ್ತರವನ್ನೇ ಮೇಲೆ ಇಡಲು ಶುರುಮಾಡಿತು. ವಿಡಿಯೋ ತೆರೆಯದೆಯೇ ಅದರ ಸಾರ ಕೇಳಬಹುದು. ಅನುಕೂಲವೇ. ಆದರೆ ಸಾರದಲ್ಲಿ ಉಳಿಯುವುದು ಹೆಜ್ಜೆಗಳ ಪಟ್ಟಿ. 'ಸ್ಪ್ಯಾನರ್ ತಿರುವಿ' ಎಂಬ ಸಾಲು ಉಳಿಯುತ್ತದೆ, ಎಷ್ಟು ಬಲ ಹಾಕಿದಾಗ ಕೈ ನಡುಗಿತು ಅನ್ನುವುದು ಉಳಿಯುವುದಿಲ್ಲ. ನೋಡುವವರು ಕಡಿಮೆಯಾದರೆ, ಅಲ್ಲಾಡುವ ಕ್ಯಾಮೆರಾ ಹಿಡಿದು ತೆಗೆಯುತ್ತಿದ್ದವರಿಗೆ ತೆಗೆಯುವ ಹುಮ್ಮಸ್ಸೂ ಕಡಿಮೆಯಾಗುತ್ತದೆ. ಆಮೇಲೆ ಸಾರ ತೆಗೆಯಲು ಹೊಸ ಸರಕೇ ಇರುವುದಿಲ್ಲ.

ಪಾಠ ಕಟ್ಟುವವರ ಕೆಲಸ ಬೇರೆ ಕಡೆ ಸರಿಯಲಿದೆ. ವಿವರಿಸುವ ವಿಡಿಯೋ ಮಾಡುವುದರಲ್ಲಿ ಅವರು ಅಗ್ಗದ ಮಷೀನಿನ ಜೊತೆ ಪೈಪೋಟಿ ನಡೆಸಲಾರರು. ಆದರೆ ಬಿಚ್ಚದ ನಲ್ಲಿಯನ್ನು ಬೇಕೆಂದೇ ತೋರಿಸುವುದು, ಯಾವ ಹೆಜ್ಜೆಯಲ್ಲಿ ನಿಲ್ಲಿಸಿ ಕೈಯಲ್ಲಿ ಮಾಡಿಸಬೇಕೆಂದು ಗುರುತಿಸುವುದು, ಇರುವ ನೂರು ವಿಡಿಯೋಗಳಲ್ಲಿ ಯಾವುದನ್ನು ನಂಬಬಹುದೆಂದು ತಾವೇ ಮಾಡಿ ನೋಡಿ ಆರಿಸುವುದು, ಇವಕ್ಕೆಲ್ಲ ಒಬ್ಬ ಮನುಷ್ಯ ಬೇಕು, ಒಂದು ನಲ್ಲಿಯೂ ಬೇಕು. ಇಂಥ ಕೆಲಸಕ್ಕೆ ಖರ್ಚು ಕೊಡಲು ಕಂಪನಿಗಳು ಒಪ್ಪುತ್ತವಾ ಅನ್ನುವುದು ಬೇರೆ ಮಾತು. ವಿಡಿಯೋ ಎಣಿಸಿ ಬಿಲ್ ಕೊಟ್ಟು ಅವರಿಗೆ ಅಭ್ಯಾಸವಾಗಿದೆ.

ಇನ್ನು ಜುಲೈನ ಆ ನಿಯಮ. ಒಂದೇ ಟೆಂಪ್ಲೇಟಿನಲ್ಲಿ ಸಾವಿರ ವಿಡಿಯೋ ಹಾಕುವ ಚಾನೆಲ್ ಅದರ ಬಲೆಗೆ ಬೀಳಬಹುದು. ಆದರೆ ಒಂದೇ ಒಂದು ನಲ್ಲಿ ವಿಡಿಯೋ, ಚೆನ್ನಾಗಿ ತಯಾರಿಸಿದ್ದು, ಇಂಪಾದ ದನಿ, ಮಷೀನು ಬರೆದ ಚಿತ್ರಗಳು, ಹೊಳೆಯುವ ಸ್ಕ್ರೂ. ಅದು ರಾಶಿಯಲ್ಲ, ಪುನರಾವರ್ತನೆಯೂ ಅಲ್ಲ. ನಿಯಮದ ಪ್ರಕಾರ ಅದಕ್ಕೆ ತಡೆಯಿಲ್ಲ. ಯಾರೂ ಯಾವತ್ತೂ ಆ ನಲ್ಲಿಯನ್ನು ಬಿಚ್ಚಿಲ್ಲ ಅನ್ನುವುದು ಗೊತ್ತಾಗುವುದು ಸ್ಪ್ಯಾನರ್ ಹಿಡಿದು ಸಿಂಕಿನ ಮುಂದೆ ನಿಂತವರಿಗೆ ಮಾತ್ರ, ಅದೂ ಮೇನ್ ವಾಲ್ವ್ ಮುಚ್ಚಿ ಎಂಬ ಹೆಜ್ಜೆಯನ್ನು ಅದು ಬಿಟ್ಟಿದ್ದರೆ, ಸ್ವಲ್ಪ ತಡವಾಗಿ.